ಹಾಡಿಯ ಅಂಚಿನಿಂದ ಒಂದು ಕೂ

ಮಣಿಪಾಲದಲ್ಲಿ ನಾನು ಪಾಠ ಮಾಡುವ ಕಟ್ಟಡದ ಹಿಂದೆ ಯಾರಾದರೂ ತರಗೆಲೆ ಗುಡಿಸಿ ಬೆಂಕಿ ಹಾಕಿದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಿಟಕಿಯ ಹತ್ತಿರ ಹೋಗಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತೇನೆ. ಅದು ತಿಳಿದ ಮೇಲೆಯೇ ಮುಂದಿನ ವಾಕ್ಯ. ವಿದ್ಯಾರ್ಥಿಗಳಿಗೆ ಇದು ಅಭ್ಯಾಸವಾಗಿಬಿಟ್ಟಿದೆ. ನನಗೆ ಮೈಕು ಬೇಡ ಎನ್ನುವುದೂ ಅವರಿಗೆ ಗೊತ್ತು. ಕೊನೆಯ ಬೆಂಚಿನಲ್ಲಿ ತೂಕಡಿಸುವವನಿಗೂ ನನ್ನ ದನಿ ಮುಟ್ಟುತ್ತದೆ. ಹೊಗೆಯ ಭಯ, ದೂರಕ್ಕೆ ಹೋಗುವ ದನಿ, ಈ ಎರಡೂ ನನಗೆ ಬಂದದ್ದು ಒಂದೇ ಕಡೆಯಿಂದ. ನಮ್ಮ ಮನೆಯ ಹಿಂದಿನ ಹಾಡಿಯಿಂದ.

ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದೆರಡು ಗದ್ದೆ ದಾಟಿದರೆ ನಮ್ಮ ಮನೆ. ಅದಕ್ಕೆ ಹೇಳಿಕೊಳ್ಳುವಂಥ ಚಂದವೇನೂ ಇರಲಿಲ್ಲ. ಹಂಚಿನ ಮಾಡು, ನಾಲ್ಕು ಜನ ಕುಳಿತರೆ ತುಂಬುವ ಚಾವಡಿ, ಗೋಡೆಗೆ ಮಸಿ ಹಿಡಿದ ಅಡುಗೆ ಕೋಣೆ, ಹಿಂದೆ ಒಂದು ಹಟ್ಟಿ. ಆದರೆ ದನದ ಆ ಹಟ್ಟಿಯ ಬೆನ್ನಿಗೇ ನೆಲ ಏರುತ್ತಿತ್ತು, ಅಲ್ಲಿಂದ ಹಾಡಿ ಶುರುವಾಗುತ್ತಿತ್ತು. ಹಾಡಿ ಎಂದರೆ ಹುಲಿ ಇರುವ ಕಾಡಲ್ಲ, ಯಾರೋ ನೆಟ್ಟ ತೋಟವೂ ಅಲ್ಲ. ತಾನಾಗಿ ಹುಟ್ಟಿ, ಯಾರೂ ಕಡಿಯದೆ ಉಳಿದ ಮರಗಳು. ಬೋಗಿ, ಹೆಬ್ಬಲಸು, ನೇರಳೆ, ರೆಂಜೆ. ಅವುಗಳ ಬುಡದಲ್ಲಿ ಕೇಪುಳ, ಕುಂಟಲ, ಚೂರಿಮುಳ್ಳಿನ ಪೊದೆಗಳು. ಮಧ್ಯಾಹ್ನ ಒಳಗೆ ಹೊಕ್ಕರೆ ರಸ್ತೆಯ ಬಸ್ಸಿನ ಹಾರನ್ನು ಬಾವಿಯ ತಳದಿಂದ ಕೇಳಿದ ಹಾಗೆ ಕೇಳುತ್ತಿತ್ತು. ಒಂದು ಎಲೆ ಕೊಂಬೆಗೆ ತಾಗುತ್ತ ತಾಗುತ್ತ ನೆಲಕ್ಕೆ ಬರುವುದು ಕೇಳುತ್ತಿತ್ತು. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ ಯಾರೋ ಚಾಪೆ ಕೊಡವಿದ ಸದ್ದು. ಸುತ್ತಲಿನವರೆಲ್ಲ ತಮ್ಮ ತಮ್ಮ ಹಾಡಿ ಕಡಿದು ರಬ್ಬರು ಹಾಕಿ ಆಗಿತ್ತು. ಹಾಗಾಗಿ ಶಾಲೆಯಲ್ಲಿ ಯಾವ ಮನೆಯವಳೆಂದು ಯಾರಾದರೂ ಕೇಳಿದರೆ ನಾನು ಅಪ್ಪನ ಹೆಸರು ಹೇಳುತ್ತಿರಲಿಲ್ಲ, "ಹಾಡಿಮನೆ" ಎನ್ನುತ್ತಿದ್ದೆ. ಆ ಹೆಸರು ನಮಗೆ ಮಾತ್ರ ಸಲ್ಲುತ್ತಿತ್ತು. ಅದರ ಗತ್ತು ನನ್ನ ನಡಿಗೆಯಲ್ಲೇ ಇತ್ತು ಎಂದು ಅಮ್ಮ ಈಗಲೂ ನಗುತ್ತಾಳೆ.

ಮನೆಯಲ್ಲಿ ಇದ್ದದ್ದು ನಾಲ್ಕು ಜನ. ಅಜ್ಜಿ, ಅಜ್ಜಿಯ ಮಗಳಾದ ನನ್ನ ಅಮ್ಮ, ಅಮ್ಮನ ತಮ್ಮ ಸುಂದರ ಮಾವ, ನಾನು. ಅಪ್ಪ ಮುಂಬಯಿಯ ಒಂದು ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ನಾಲ್ಕು ಜನಕ್ಕೂ ಚಿಕ್ಕದಾದ ಮನೆಯನ್ನು ಅಜ್ಜಿ ದೊಡ್ಡದು ಮಾಡಿದ್ದಳು. ಹಾಡಿಯ ಒಳಗಿನ ಜಾಗಗಳಿಗೆಲ್ಲ ಅವಳು ಕೋಣೆಗಳ ಹೆಸರಿಟ್ಟಿದ್ದಳು. ನಡುವೆ ಒಂದು ಗಿಡವೂ ಏಳದೆ ಚಪ್ಪಟೆಯಾಗಿ ಹಾಸಿದ್ದ ಕಪ್ಪು ಬಂಡೆ ಹಾಡಿಯ ಚಾವಡಿ. ಪುನರ್ಪುಳಿಯ ಮರಗಳಿದ್ದ ತಗ್ಗು ಅಡುಗೆ ಕೋಣೆ, ಏಕೆಂದರೆ ಸಾರಿನ ಹುಳಿ ಬರುತ್ತಿದ್ದದ್ದು ಅಲ್ಲಿಂದ. ಹುಲ್ಲಿದ್ದ ಬಯಲು ತುಂಡು, ನಮ್ಮ ಬಿಳಿ ದನ ಬೊಳ್ಳಿಯನ್ನು ಹಗಲು ಕಟ್ಟುತ್ತಿದ್ದ ಜಾಗ, ಅದು ಮೇಲಿನ ಹಟ್ಟಿ. ಅಮ್ಮ ಎಲ್ಲಿ ಎಂದರೆ ಅಜ್ಜಿ "ಚಾವಡಿಯಲ್ಲಿ" ಎನ್ನುವಳು. ಯಾವ ಚಾವಡಿ ಎಂದು ಅವಳ ಗಲ್ಲ ತಿರುಗಿದ ಕಡೆ ನೋಡಿ ನಾವು ತಿಳಿದುಕೊಳ್ಳಬೇಕು. ಒಮ್ಮೆ ಮುಂಬಯಿಯಿಂದ ಬಂದ ನೆಂಟರೊಬ್ಬರಿಗೆ ಕುಳಿತುಕೊಳ್ಳಲು ಜಾಗ ಸಾಲದಿದ್ದಾಗ ಅಜ್ಜಿ ಅವರನ್ನು ನಿಜವಾಗಿಯೂ ಮೇಲಿನ ಚಾವಡಿಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ, ಅಲ್ಲಿಯೇ ಚಾ ಕೊಟ್ಟಳು. ಬೇಡ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ.

ಹಾಡಿಗೆ ಒಂದು ನಿಯಮವಿತ್ತು. ಅದರೊಳಗೆ ಯಾರನ್ನೂ ಹೆಸರು ಹಿಡಿದು ಕರೆಯಬಾರದು. ಮರಗಳ ನಡುವೆ ಇರುವ ಯಾವುದೋ ಒಂದು ಆ ಹೆಸರನ್ನು ಕಲಿತುಬಿಡುತ್ತದೆ, ಆಮೇಲೆ ಅದೇ ಕರೆಯಲು ಶುರುಮಾಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಆದ್ದರಿಂದ ಎಲ್ಲದಕ್ಕೂ ಕೂ. ಒಳಗೆ ಹೋಗುವವರು ಅಂಚಿನಲ್ಲಿ ನಿಂತು ಒಂದು ಉದ್ದ ಕೂ ಹಾಕಬೇಕು. ಮನೆಯಲ್ಲಿದ್ದವರು ಅದನ್ನು ಕೇಳಿಸಿಕೊಂಡಿದ್ದೇವೆ ಎಂದು ಇನ್ನೊಂದು ಕೂ ಹಾಕಬೇಕು. ಊಟಕ್ಕೆ ಕರೆಯುವುದು ಕೂ. ನೆಂಟರು ಬಂದರೆ ತುಂಡು ತುಂಡಾಗಿ ಎರಡು ಕೂ. ಕೇಳಿದವರು ಉತ್ತರ ಕೊಡದೆ ಇರಬಾರದು, ಜಗಳವಾಡಿ ಮಾತು ಬಿಟ್ಟಿದ್ದರೂ ಸರಿ. ಅಜ್ಜಿಯೂ ಮಾವನೂ ಮುಖ ತಿರುಗಿಸಿಕೊಂಡ ದಿನಗಳಲ್ಲಿ ಅವರ ನಡುವೆ ಓಡಾಡುತ್ತಿದ್ದದ್ದು ಕೂ ಒಂದೇ. ಸಣ್ಣವಳಿರುವಾಗ ನನ್ನದು ಕೀರಲಾಗಿತ್ತು. ಹೊಟ್ಟೆಯಿಂದ ಎತ್ತಬೇಕು, ಗಂಟಲಿನಿಂದಲ್ಲ ಎಂದು ಅಮ್ಮ ಹಟ್ಟಿಯ ಹಿಂದೆ ನಿಲ್ಲಿಸಿ ಕಲಿಸಿದಳು. ಯಾರಿಗೂ ಸಂಗೀತ ಗೊತ್ತಿಲ್ಲದ ಮನೆಯಲ್ಲಿ ನನಗೆ ಸಿಕ್ಕಿದ ಸಂಗೀತ ಪಾಠ ಅದು.

ಮಾವನಿಗೂ ಅಜ್ಜಿಗೂ ಜಗಳ ಯಾವಾಗಲೂ ಊಟದ ಹೊತ್ತಿನಲ್ಲಿ, ಯಾವಾಗಲೂ ಹಾಡಿಯದ್ದೇ. ಮಾವ ಉಡುಪಿ–ಕಾರ್ಕಳ–ಹೆಬ್ರಿ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಹಿಂದಿನ ಬಸ್ಸು ಬೆನ್ನಿಗೆ ಬೀಳುವ ಮೊದಲು ಮುಂದಿನ ಸ್ಟಾಪಿನ ಜನ ತುಂಬಿಸಿಕೊಳ್ಳುವುದೇ ಅವನ ಜೀವನವಾಗಿತ್ತು. ಅನ್ನ ತಿನ್ನುವಾಗಲೂ ಅವನಿಗೆ ಟೈಮಿಂಗ್.

"ಅಮ್ಮ, ಊರಿಡೀ ರಬ್ಬರು ಹಾಕಿ ಆಯಿತು. ನಿಮ್ಮ ಹಾಡಿಯಲ್ಲಿ ಎಂತ ಉಂಟು, ಹೇಳಿ ನೋಡುವ."

"ಪುನರ್ಪುಳಿ ಉಂಟು. ಈಗ ಸುರ್ ಅಂತ ಎಳೀತಾ ಇದ್ದಿಯಲ್ಲ, ಆ ಸಾರು ಎಲ್ಲಿಂದ ಬಂತು?"

"ಪುನರ್ಪುಳಿ ಕಾರ್ಕಳ ಪೇಟೆಯಲ್ಲಿ ಸಿಗ್ತದೆ."

"ಹಾಗಾದರೆ ಊಟಕ್ಕೂ ಪೇಟೆಗೇ ಹೋಗು ಮಾರಾಯ. ನಿನ್ನ ಬಸ್ಸು ಹೇಗೂ ಹೋಗ್ತದಲ್ವಾ?"

ಅಮ್ಮ ತಲೆ ತಗ್ಗಿಸಿ ನಗು ನುಂಗುತ್ತ ಮಾವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕುವಳು. ಅವನು ಅದನ್ನೂ ಕುಡಿಯುವನು. ಆದರೆ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಮರ ಕಡಿಸುವವರನ್ನು ಕರೆದು ತರುತ್ತೇನೆ ಎಂದು ಅವನು, ನನ್ನ ಹೆಣದ ಮೇಲೆ ಎಂದು ಅಜ್ಜಿ. ಆ ವರ್ಷ ಜಗಳ ಜೋರಾಗಿತ್ತು. ಮಾವನಿಗೆ ಮದುವೆ ಮಾತುಕತೆ ನಡೆಯುತ್ತಿತ್ತು, ಮನೆ ದೊಡ್ಡದಾಗಬೇಕಿತ್ತು.

ಹಾಡಿಯ ಮೇಲಿನ ಅಜ್ಜಿಯ ಹೆಮ್ಮೆ ಬರೀ ಮಾತಿನದ್ದಾಗಿರಲಿಲ್ಲ. ಪ್ರತಿ ಬೇಸಗೆಯ ಮೊದಲಿಗೆ ಮನೆಯ ಹೆಂಗಸರು ಹಾಡಿಯ ಅಂಚಿನುದ್ದಕ್ಕೂ ತರಗೆಲೆ ಗುಡಿಸಿ, ಒಂದು ದನ ಅಡ್ಡ ಮಲಗುವಷ್ಟು ಅಗಲಕ್ಕೆ ಕೆಂಪು ಮಣ್ಣು ಕಾಣುವ ಹಾಗೆ ಮಾಡುತ್ತಿದ್ದರು. ಬೆಂಕಿ ಬಂದರೆ ಈ ಬೋಳು ದಾರಿ ದಾಟಬಾರದು ಎಂದು. ಪಕ್ಕದ ಮನೆಯ ಗಿರಿಜಕ್ಕ ತನ್ನ ಹಟ್ಟಿಗೆ ಸೊಪ್ಪು ತರಗೆಲೆ ಬೇಕೆಂದು ಜೊತೆಗೆ ಸೇರುತ್ತಿದ್ದಳು. ಗುಡಿಸಿದ್ದರಲ್ಲಿ ಒಂದು ಪಾಲು ಹಟ್ಟಿಗೆ, ಒಂದು ಪಾಲು ಬಚ್ಚಲಿನ ಒಲೆಗೆ. ಉಳಿದದ್ದು ಸುಡುಮಣ್ಣಿಗೆ. ಸೊಪ್ಪು, ಕಡ್ಡಿ, ತರಗೆಲೆಯ ಮೇಲೆ ಮಣ್ಣು ಮುಚ್ಚಿ, ಮತ್ತೆ ಸೊಪ್ಪು, ಮತ್ತೆ ಮಣ್ಣು, ಹೀಗೆ ಗುಡ್ಡೆ ಮಾಡಿ ಬುಡದಲ್ಲಿ ಕಿಚ್ಚು ಇಟ್ಟರೆ ಅದು ಉರಿಯದೆ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಕೊನೆಗೆ ಸಿಗುವ ಸುಟ್ಟ ಮಣ್ಣು ಅಮ್ಮನ ಮಲ್ಲಿಗೆ ಗಿಡಗಳಿಗೆ, ಬದನೆ ಹರಿವೆಗಳಿಗೆ ಗೊಬ್ಬರ. ಗುಡ್ಡೆ ಹಾಕುವ ಜಾಗ ಆರಿಸುವುದು ಅಜ್ಜಿಯ ಹಕ್ಕು. ಅವಳ ಸುಡುಮಣ್ಣು ಎಂದೂ ಜ್ವಾಲೆ ಎತ್ತಿದ್ದಿಲ್ಲ. ಆ ವರ್ಷ ಅವಳು ಆರಿಸಿದ್ದು ಹಟ್ಟಿಯ ಹಿಂದೆ, ಬೋಳು ದಾರಿಯಿಂದ ಈಚೆಗೆ, ಹಿಂದೆಂದೋ ಗಾಳಿಗೆ ಬಿದ್ದ ಹಲಸಿನ ಮರದ ಬುಡ. ಕುಂಬಾಗಿ ಕೊಳೆತ ಬುಡದ ಸುತ್ತ ಮಣ್ಣು ಕಪ್ಪಾಗಿ ಮೆತ್ತಗಿತ್ತು. ಸುಡುಮಣ್ಣಿಗೆ ಹೇಳಿ ಮಾಡಿಸಿದ ಹಾಗೆ ಎಂದಳು.

ಅದು ಸುಗ್ಗಿ ತಿಂಗಳು, ಮಾರ್ಚ್ ಮುಗಿಯುವ ಹೊತ್ತು. ಶಾಲೆಗೆ ಅರ್ಧ ದಿನ. ಮಧ್ಯಾಹ್ನದ ಊಟ ಮುಗಿದು ಅಜ್ಜಿ ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದಳು. ಅಮ್ಮ ಬೊಳ್ಳಿಗೆ ನೀರು ಕುಡಿಸಿ ಜಾಗ ಬದಲಿಸಲು ಮೇಲಿನ ಹಟ್ಟಿಗೆ ಹೊರಟಳು. ಅಂಚಿನಲ್ಲಿ ಕೂ ಹಾಕಿದಳು, ನಾನು ಉತ್ತರ ಕೊಟ್ಟೆ. ಸುಡುಮಣ್ಣಿನ ಗುಡ್ಡೆ ಆಗಲೇ ತಣ್ಣಗಾಗಿ ಕುಸಿದಿತ್ತು. ಇದನ್ನು ಬರೆಯುವಾಗಲೂ ನಾನು ಅದನ್ನು ಇನ್ನೊಮ್ಮೆ ನೋಡುತ್ತೇನೆ. ತಣ್ಣಗಿತ್ತು. ಅದರಿಂದ ಒಂದೆಳೆ ಹೊಗೆಯೂ ಬರುತ್ತಿರಲಿಲ್ಲ. ಹೊಗೆ ಬಂದದ್ದು ಬೋಳು ದಾರಿಯ ಆಚೆಯಿಂದ, ಹಾಡಿಯ ಒಳಗಿನಿಂದ, ನೆಲದಿಂದ. ಇಡ್ಲಿ ಬೇಯುವ ಪಾತ್ರೆಯ ಮುಚ್ಚಳದ ಸಂದಿನಿಂದ ಬರುವ ಹಾಗೆ ಬಿಳಿಯ ಒಂದು ಗೆರೆ. ಮೊದಲು ಬೆಂಕಿಯೇ ಕಾಣಲಿಲ್ಲ. ಆಮೇಲೆ ಬೇಸಗೆಯಿಡೀ ಒಣಗಿದ ಎಲೆಗಳಲ್ಲಿ ಚರಚರ ಎಂಬ ಸದ್ದು ಎದ್ದಿತು. ಗಾಳಿ ಪಡುವಣದಿಂದ, ಕಡಲ ಕಡೆಯಿಂದ ಬೀಸುತ್ತಿತ್ತು, ಹಾಡಿಯ ಒಳಕ್ಕೆ.

ಅಜ್ಜಿ ಎದ್ದು ನಿಂತಳು. ಗುಡ್ಡೆಯನ್ನು ನೋಡಿದಳು, ಹಲಸಿನ ಬುಡ ನೋಡಿದಳು, ಅಲ್ಲಿಂದ ಹೊಗೆಯವರೆಗೆ ನೆಲದ ಮೇಲೆ ಕಣ್ಣಿನಲ್ಲೇ ಒಂದು ಗೆರೆ ಎಳೆದಳು.

"ಬೇರಿನ ಒಳಗಿಂದ ಹೋಗಿದೆ," ಎಂದಳು.

ಸತ್ತ ಹಲಸಿನ ಟೊಳ್ಳು ಬೇರು ದಾರಿಯ ಅಡಿಯಲ್ಲಿ ಹಾದು ಹಾಡಿಯೊಳಕ್ಕೆ ಹೋಗಿತ್ತು. ನಾವು ಗುಡಿಸಿದ್ದು ಮೇಲಿನ ನೆಲ. ಕಿಚ್ಚು ಅದರ ಕೆಳಗಿನಿಂದ ತೆವಳಿಕೊಂಡು ಆಚೆ ಎದ್ದಿತ್ತು. ಅಜ್ಜಿ ನನ್ನ ತೋಳು ಹಿಡಿದು ಅಂಚಿನಲ್ಲಿದ್ದ ಒಂದು ಮುರಕಲ್ಲಿನ ಮೇಲೆ ನಿಲ್ಲಿಸಿದಳು.

"ಇಲ್ಲಿಂದ ಅಲ್ಲಾಡಬೇಡ. ಕೂ ಹಾಕು. ಹೊಗೆಯಲ್ಲಿ ಅವಳಿಗೆ ದಾರಿ ಕಾಣುವುದಿಲ್ಲ. ನಿನ್ನ ದನಿಯೇ ದಾರಿ."

"ಅಮ್ಮ ಉತ್ತರ ಕೊಡುವವರೆಗಾ?"

"ಅಮ್ಮ ಬರುವವರೆಗೆ."

ನಾನು ಕೂ ಹಾಕಿದೆ. ಉತ್ತರ ಬರಲಿಲ್ಲ. ಉತ್ತರ ಬಾರದ ಕೂ ಎಂದರೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಜ್ಜಿಯೂ ಓಡಿ ಬಂದ ಗಿರಿಜಕ್ಕನೂ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ನೆಲಕ್ಕೆ ಬಡಿಯುತ್ತಿದ್ದರು. ಬೆಂಕಿ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ, ಆದರೆ ಉದ್ದವಾಗುತ್ತ ಹೋಗುತ್ತಿತ್ತು, ಯಾರೋ ಸೆರಗು ಬಿಚ್ಚಿ ಹಾಸಿದ ಹಾಗೆ. ಹಾಡಿಯ ಅಡುಗೆ ಕೋಣೆಗೆ ಹಿಡಿಯಿತು. ಎಳೆಯ ಪುನರ್ಪುಳಿ ಗಿಡಗಳು ಪಟಪಟನೆ ಸಿಡಿದದ್ದು ಕೇಳಿಸಿತು. ನಾನು ಕೂ ಹಾಕಿದೆ. ಆಗ ಹೊಗೆಯ ಒಳಗಿನಿಂದ ಏನೋ ಒಡೆದುಕೊಂಡು ಬರುವ ಸದ್ದಾಯಿತು. ಅಮ್ಮ ಎಂದುಕೊಂಡೆ. ಬಂದದ್ದು ಬೊಳ್ಳಿ. ಕುತ್ತಿಗೆಯಲ್ಲಿ ಕತ್ತಿಯಿಂದ ಕಡಿದ ಹಗ್ಗದ ತುಂಡು ನೇತಾಡುತ್ತಿತ್ತು. ನನ್ನನ್ನು ದಾಟಿ, ಸಂಡಿಗೆಯ ಚಾಪೆಯನ್ನು ತುಳಿದುಕೊಂಡು ಗದ್ದೆಗೆ ಓಡಿತು.

"ದನ ಬಿಟ್ಟಿದ್ದಾಳೆ," ಎಂದಳು ಗಿರಿಜಕ್ಕ. "ಅವಳು ಯಾಕೆ ಬರಲಿಲ್ಲ?"

ಅಜ್ಜಿ ಕೊಂಬೆ ಕೆಳಗಿಟ್ಟು ಹಾಡಿಗೆ ಮುಖ ಮಾಡಿ ನಿಂತಳು. ಇಡೀ ಬದುಕಿನಲ್ಲಿ ಮಾಡದ ಕೆಲಸ ಮಾಡಿದಳು.

"ಲೀಲಾ!" ಎಂದು ಅಮ್ಮನ ಹೆಸರು ಹಿಡಿದು ಕೂಗಿದಳು. "ಲೀಲಾ, ಚಾವಡಿಯಲ್ಲಿ ಕುಳಿತುಕೋ! ಚಾವಡಿಗೆ ಹೋಗು!"

ಅದನ್ನು ಕೇಳಿದ್ದು ನನಗೆ ಬೆಂಕಿಗಿಂತ ಹೆಚ್ಚು ನೆನಪಿದೆ. ಅಜ್ಜಿ ನಿಯಮ ಮುರಿದಳೆಂದರೆ ಇನ್ನು ಉಳಿದದ್ದು ಏನೂ ಇಲ್ಲ ಎಂದು ನನಗೆ ಅನ್ನಿಸಿತು. ಆದರೂ ಕೂ ನಿಲ್ಲಿಸಲಿಲ್ಲ. ಗಂಟಲು ಹೋಗಿತ್ತು, ಅಮ್ಮ ಕಲಿಸಿದ ಹಾಗೆ ಹೊಟ್ಟೆಯಿಂದ ಎತ್ತಿದೆ.

ಆಗ ರಸ್ತೆಯಲ್ಲಿ ಬಸ್ಸು ನಿಂತಿತು. ನಮ್ಮ ಸ್ಟಾಪಿನಲ್ಲಿ ಇಳಿಯುವವರಿದ್ದರೂ ಪೂರ್ತಿ ನಿಲ್ಲದ ಬಸ್ಸು ಅದು. ಮಾವ ಫುಟ್‌ಬೋರ್ಡಿನಿಂದ ಹೊಗೆ ನೋಡಿ ಸೀಟಿ ಊದಿದ್ದ, ಡ್ರೈವರು ಬ್ರೇಕು ಒತ್ತಿದ್ದ. ಗದ್ದೆಯ ಮೇಲೆ ಮಾವ ಓಡಿ ಬರುತ್ತಿದ್ದ, ಅವನ ಹಿಂದೆ ಬಸ್ಸಿನ ಜನ. ಇಸ್ತ್ರಿ ಮಾಡಿದ ಅಂಗಿಯವರು, ಕಾರ್ಕಳದಲ್ಲಿ ಮದುವೆ ಊಟ ಮಾಡಿ ಮನೆಗೆ ಹೊರಟಿದ್ದ ರೇಷ್ಮೆ ಸೀರೆಯ ಹೆಂಗಸರು, ಮೀನಿನ ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟು ಬಂದಾಕೆ. ಮಾವ ಯಾರನ್ನೂ ಬೇಡಿಕೊಳ್ಳಲಿಲ್ಲ. ಟಿಕೆಟ್ ಕೊಡುವಾಗಿನ ದನಿಯಲ್ಲೇ ಅವರನ್ನು ಸಾಲಾಗಿ ಹಂಚಿದ.

"ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಉಂಟು! ಸೊಪ್ಪು ಮುರೀರಿ! ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ!"

ಆಮೇಲೆ ಅವನು ನನ್ನ ಕಲ್ಲಿನ ಹತ್ತಿರ ಬಂದ. "ಅಕ್ಕ?" ಎಂದ. ನಾನು ಹಾಡಿಯ ಕಡೆ ಕೈ ತೋರಿಸಿದೆ. ಅವನ ಮುಖ ನೋಡಲಾಗಲಿಲ್ಲ. ಕುತ್ತಿಗೆಯ ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದ. ನನ್ನದೊಂದು ಕೂ, ಅವನದೊಂದು ಸೀಟಿ. ನನ್ನ ಉಸಿರು ಮುಗಿದಲ್ಲಿ ಅವನದು, ಅವನದು ಮುಗಿದಲ್ಲಿ ನನ್ನದು. ಎಷ್ಟು ಹೊತ್ತು ಎಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ನಿದ್ದೆಯಲ್ಲಿ ಅದು ಬಂದಾಗ ಕೆಲವೊಮ್ಮೆ ಬೆಳಗಿನವರೆಗೂ ಮುಗಿಯುವುದಿಲ್ಲ.

ಅಮ್ಮ ಹೊರಗೆ ಬಂದದ್ದು ನಾವು ನೋಡುತ್ತಿದ್ದ ಕಡೆಯಿಂದಲ್ಲ, ಬೆಂಕಿ ತಿಂದು ಮುಗಿಸಿದ್ದ ಕಪ್ಪು ನೆಲದ ಮೇಲಿನಿಂದ. ಬಗ್ಗಿಕೊಂಡು, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಒಂದು ಕೈಯಲ್ಲಿ ಕತ್ತಿ. ನೇರವಾಗಿ ನನ್ನ ಕಲ್ಲಿನ ಹತ್ತಿರ ನಡೆದು ಬಂದಳು. ಮಸಿ ಹಿಡಿದ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟಳು.

"ಸಾಕು ಮಗಾ. ಬಂದೆ."

ಮಾವ ಸೀಟಿಯನ್ನು ಎರಡು ಸಲ ತುಂಡಾಗಿ ಊದಿದ. ಬಸ್ಸು ಹೊರಡಲು ಕೊಡುವ ಸೂಚನೆ ಅದು. "ರೈಟ್!" ಎಂದ. ಹಾಗೆಯೇ ಕೆಳಗೆ ಕುಳಿತುಬಿಟ್ಟ.

ಬೊಳ್ಳಿಯ ಹಗ್ಗ ಕಡಿದ ಹೊತ್ತಿಗೆ ಎರಡೂ ಕಡೆ ಹೊಗೆ ಮುಚ್ಚಿತ್ತಂತೆ. ಅಮ್ಮ ಓಡದೆ ಬರೀ ಬಂಡೆಯ ಮೇಲೆ, ಸುಡಲು ಏನೂ ಇಲ್ಲದ ಹಾಡಿಯ ಚಾವಡಿಯಲ್ಲಿ, ಮುಖ ಕಲ್ಲಿಗೆ ಒತ್ತಿ ಮಲಗಿದಳು. ಬೆಂಕಿ ಸುತ್ತ ಹಾದುಹೋದ ಮೇಲೆ ಎದ್ದು ಕೂ ಬಂದ ಕಡೆ ನಡೆದಳು. ಯಾಕೆ ಉತ್ತರ ಕೊಡಲಿಲ್ಲ ಎಂದು ನಾನು ಅತ್ತಾಗ ಹೇಳಿದಳು, "ಬಾಯಿ ತೆರೆದರೆ ಹೊಗೆ ಒಳಗೆ ಹೋಗ್ತದೆ. ಉತ್ತರಕ್ಕಿಂತ ಉಸಿರು ದೊಡ್ಡದಲ್ವಾ? ನಿನ್ನದು ಕೇಳ್ತಾನೇ ಇತ್ತು. ಒಂದು ಸಲವೂ ತಪ್ಪಲಿಲ್ಲ."

ಸಂಜೆಯ ಹೊತ್ತಿಗೆ ಹಾಡಿಯ ಒಂದು ಮೂಲೆ ಕಪ್ಪಾಗಿತ್ತು, ಉಳಿದದ್ದು ಉಳಿದಿತ್ತು. ಅಂಗಳದಲ್ಲಿ ಬಸ್ಸಿನ ಜನಕ್ಕೆ ಅಜ್ಜಿ ತಾನೇ ಬೆಲ್ಲ ನೀರು ಹಂಚಿದಳು. ಒಬ್ಬರು, ಯಾರೋ ಬೀಡಿ ಎಸೆದಿರಬೇಕು ಎಂದರು. ಅಜ್ಜಿ ತಲೆಯಾಡಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳು ಚೆಂಬು ಕೆಳಗಿಟ್ಟು ನೆಟ್ಟಗೆ ನಿಂತಳು.

"ಬೀಡಿ ಅಲ್ಲ. ನಮ್ಮ ಸುಡುಮಣ್ಣು. ಜಾಗ ಆರಿಸಿದ್ದು ನಾನು."

ನಾನು ಮಾವನನ್ನು ನೋಡಿದೆ. ಎಷ್ಟೋ ವರ್ಷಗಳಿಂದ ಅವನು ಕಾಯುತ್ತಿದ್ದ ಮಾತು ಅಲ್ಲಿ, ಊರಿನವರ ಎದುರಿಗೆ, ಅವನ ಕೈಗೆ ಬಂದಿತ್ತು. ಹಾಡಿ ಅಪಾಯ ಎನ್ನಬಹುದಿತ್ತು, ಅಕ್ಕನನ್ನು ಕೊಲ್ಲುತ್ತಿತ್ತು ಎನ್ನಬಹುದಿತ್ತು. ಅವನು ಲೋಟ ಖಾಲಿ ಮಾಡಿ ಮುಂದಕ್ಕೆ ಚಾಚಿದ.

"ಇನ್ನೂ ಸ್ವಲ್ಪ ಹಾಕಿ ಅಮ್ಮ. ಡ್ರೈವರಿಗೆ ಸಾಕಾಗಲಿಲ್ಲ. ಹಿಂದಿನ ಬಸ್ಸು ನಮ್ಮನ್ನು ದಾಟಿ ಹೋಗಿ ಆಯಿತು, ಇನ್ನು ಎಂತ ಅವಸರ?"

ರಬ್ಬರಿನ ಮಾತು ಆಮೇಲೆ ನಮ್ಮ ಮನೆಯ ಊಟದಲ್ಲಿ ಬರಲಿಲ್ಲ. ಮುಂದಿನ ಬೇಸಗೆಗೆ ಮೊದಲು ಮಾವ ರಜೆ ಹಾಕಿ ಬೋಳು ದಾರಿಯ ಉದ್ದಕ್ಕೂ ಮೊಣಕಾಲು ಮುಳುಗುವ ಕಣಿ ತೋಡಿದ. ಅಡ್ಡ ಬಂದ ಬೇರುಗಳನ್ನು ಒಂದೊಂದಾಗಿ ಕಡಿದು, ಟೊಳ್ಳು ಉಂಟಾ ಎಂದು ಊದಿ ನೋಡಿದ. ಅಜ್ಜಿ ಮೇಲೆ ನಿಂತು, ಇನ್ನೂ ಆಳ, ಇನ್ನೂ ಆಳ, ಎನ್ನುತ್ತಿದ್ದಳು. ಅವಳು ಹೋದ ಮೇಲೂ ಪ್ರತಿ ವರ್ಷ ಆ ಕಣಿಯ ಮಣ್ಣು ತೆಗೆಯುವುದು ನಿಂತಿಲ್ಲ. ಮನೆ ದೊಡ್ಡದಾಯಿತು, ಗದ್ದೆಯ ಕಡೆಗೆ. ಹಾಡಿಯ ಕಡೆಗೆ ಒಂದು ಮೊಳವೂ ಬೆಳೆಯಲಿಲ್ಲ. ಸುಟ್ಟ ಮೂಲೆಯಲ್ಲಿ ಮೊದಲು ಚಿಗುರಿದ್ದು ಕೇಪುಳ, ಆಮೇಲೆ ಬುಡದಿಂದಲೇ ಪುನರ್ಪುಳಿ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಅಂಗಳದ ತುಂಬ ಮಾವನ ಮೊಮ್ಮಕ್ಕಳ ಗಲಾಟೆ. ಅಮ್ಮ ಹಣ್ಣು ಹೆಕ್ಕಲು ಹಾಡಿಯ ಅಡುಗೆ ಕೋಣೆಗೆ ಹೋಗಿದ್ದಾಳೆ ಎಂದರು. ನಾನು ಕಣಿ ದಾಟದೆ ಆ ಹಳೆಯ ಮುರಕಲ್ಲಿನ ಮೇಲೆ ನಿಂತು ಕೂ ಹಾಕಿದೆ. ಉತ್ತರ ಬರಲಿಲ್ಲ. ಇನ್ನೊಂದು ಹಾಕಿದೆ. ಎಲೆ ಬೀಳುವುದು ಕೇಳಿಸಿತು, ಮಂಗಟ್ಟೆ ಹಾರಿದ್ದು ಕೇಳಿಸಿತು. ಹೊಗೆ ಎಲ್ಲಿಯೂ ಇರಲಿಲ್ಲ, ಆದರೂ ಗಾಳಿ ಯಾವ ಕಡೆಗೆ ಎಂದು ನೋಡಿದೆ. ಹೊಟ್ಟೆಯಿಂದ ಎತ್ತಿ ಮೂರನೆಯದನ್ನು ಹಾಕಿದಾಗ ತಗ್ಗಿನ ಕಡೆಯಿಂದ, ವಯಸ್ಸಾದರೂ ಒಡೆಯದ ಒಂದು ಉದ್ದ ಕೂ ಬಂತು. ಅದರ ಹಿಂದೆಯೇ ಅಮ್ಮ ಬಂದಳು, ಮಡಿಲು ತುಂಬ ಕೆಂಪು ಹಣ್ಣು, ಕೆಂಪಾದ ತುಟಿ.

"ಬಾಯಿ ತುಂಬ ಪುನರ್ಪುಳಿ ಇತ್ತು ಮಾರಾಯ್ತಿ. ಉತ್ತರ ಹೇಗೆ ಕೊಡುವುದು?"

ಹಟ್ಟಿಯ ಹತ್ತಿರ ಕಣಿಯ ಮಣ್ಣು ಎತ್ತುತ್ತಿದ್ದ ಮಾವ ಬೆನ್ನು ನೆಟ್ಟಗೆ ಮಾಡಿ ನಮ್ಮಿಬ್ಬರನ್ನೂ ನೋಡಿದ. ಅವನ ಹತ್ತಿರ ಈಗ ಸೀಟಿ ಇಲ್ಲ. ಗುದ್ದಲಿಯ ಕಾವನ್ನು ಕಲ್ಲಿಗೆ ಎರಡು ಸಲ ಬಡಿದ.

"ರೈಟ್!" ಎಂದ.